ಸಿಯರ್ಸ್, ಕೆಮಾರ್ಟ್ ಮುಳುಗಿದ್ದಕ್ಕೆ ಅಮೆಜಾನ್ ಕಾರಣ ಅನ್ನೋದು ಎಷ್ಟು ನಿಜ?

ಚೌಕಾಸಿ
ಅಮೆರಿಕದ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್, ಡಿಸ್ಕೌಂಟ್ ಸ್ಟೋರ್‌ಗಳ ಮಾತು ಬಂದಾಗಲೆಲ್ಲ ಒಂದೇ ಉತ್ತರ: ಅಮೆಜಾನ್ ಬಂತು, ಇವು ಹೋದವು. ತಾರೀಖು ಮುಂದಿಟ್ಕೊಂಡು ನೋಡಿದ್ರೆ ತಾಳೆ ಆಗಲ್ಲ. ವುಲ್‌ವರ್ತ್ ಅಮೆರಿಕದಲ್ಲಿದ್ದ ತನ್ನ ಅಗ್ಗದ ಅಂಗಡಿಗಳನ್ನು 1997ರಲ್ಲೇ ಮುಚ್ಚಿತು. ಮಾಂಟ್‌ಗೊಮರಿ ವಾರ್ಡ್, ಬ್ರ್ಯಾಡ್ಲೀಸ್ ಎರಡೂ ಬಾಗಿಲು ಹಾಕ್ತೀವಿ ಅಂದಿದ್ದು 2000ದ ಡಿಸೆಂಬರ್ ಕೊನೇ ವಾರ. ಏಮ್ಸ್ 2002ರಲ್ಲಿ ಖಾಲಿ. ಕೆಮಾರ್ಟ್ ಮೊದಲ ಸಲ ದಿವಾಳಿ ಅರ್ಜಿ ಹಾಕಿದ್ದು 2002ರ ಜನವರಿ 22. ಆಗ ಅಲ್ಲಿನ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಶೇ. 2 ಕೂಡ ಇರಲಿಲ್ಲ.

ಹಾಗಾದ್ರೆ ಒಳಗೆ ಕೆಟ್ಟಿದ್ದೇನು? ಸಪ್ಲೈ ಚೈನ್, ಲೆಕ್ಕಪತ್ರ, ಕಟ್ಟಡ ಬಾಡಿಗೆ, ಯಾವ ಕಡೆಯಿಂದ ಗೊತ್ತಿದ್ರೂ ಬರೀರಿ. "ಚಿಕ್ಕಂದಿನಲ್ಲಿ ಹೋಗ್ತಿದ್ವಿ" ಥರದ ನೆನಪು ಬೇಡ, ವಿವರ ಬೇಕು.

ಲೋಡಿಂಗ್_ಡಾಕ್
ಕೆಮಾರ್ಟ್‌ದು ಮೊದಲು ಹೇಳ್ತೀನಿ. ಅಲ್ಲಿ ಕಾಯಿಲೆ ಶುರುವಾಗಿದ್ದೇ ಗೋಡೌನ್‌ನಲ್ಲಿ.

ಮೂರೂ ಹುಟ್ಟಿದ್ದು 1962ರಲ್ಲಿ. ಮಾರ್ಚ್‌ನಲ್ಲಿ ಮಿಷಿಗನ್‌ನ ಗಾರ್ಡನ್ ಸಿಟಿಯಲ್ಲಿ ಕೆಮಾರ್ಟ್, ಮೇ ತಿಂಗಳಲ್ಲಿ ಮಿನೆಸೋಟದಲ್ಲಿ ಟಾರ್ಗೆಟ್, ಜುಲೈನಲ್ಲಿ ಆರ್ಕನ್ಸಾದ ರಾಜರ್ಸ್‌ನಲ್ಲಿ ವಾಲ್‌ಮಾರ್ಟ್. ಕೆಮಾರ್ಟ್ ಬೆನ್ನಿಗೆ ಎಸ್.ಎಸ್. ಕ್ರೆಸ್ಗಿ ಅನ್ನೋ ಹಳೇ ಕಂಪನಿ ಇತ್ತು, ದುಡ್ಡಿತ್ತು, ಒಳ್ಳೆ ಜಾಗ ಸಿಗ್ತಿತ್ತು. ದೇಶದ ಉದ್ದಗಲಕ್ಕೂ ಅಂಗಡಿ ತೆಗೆದು ಆಮೇಲೆ ಅವಕ್ಕೆ ಸಾಮಾನು ಹೇಗೆ ಮುಟ್ಟಿಸೋದು ಅಂತ ನೋಡಿದ್ರು. ವಾಲ್‌ಮಾರ್ಟ್ ಉಲ್ಟಾ: ಮೊದಲು ವಿತರಣಾ ಕೇಂದ್ರ, ಅಲ್ಲಿಂದ ಲಾರಿ ಒಂದು ದಿನದಲ್ಲಿ ಹೋಗಿ ಬರೋ ದೂರದೊಳಗೆ ಅಂಗಡಿಗಳು. 1987ರ ಹೊತ್ತಿಗೆ ಅವರ ಅಂಗಡಿಗಳೆಲ್ಲ ಸ್ಯಾಟಲೈಟ್ ಜಾಲದಲ್ಲಿದ್ವು. 1991ರಲ್ಲಿ ರೀಟೇಲ್ ಲಿಂಕ್ ಬಂತು, ಅಂದ್ರೆ ಸೋಪು ಮಾಡೋ ಕಂಪನಿಯೇ ಯಾವ ಅಂಗಡಿಯಲ್ಲಿ ಎಷ್ಟು ಸೋಪು ಹೋಯ್ತು ಅಂತ ತಾನೇ ನೋಡ್ಕೋಬಹುದಿತ್ತು. ಅದೇ ಹೊತ್ತಲ್ಲಿ ಕೆಮಾರ್ಟ್ ದುಡ್ಡು ಹಾಕಿದ್ದು ವಾಲ್ಡನ್‌ಬುಕ್ಸ್, ಬಿಲ್ಡರ್ಸ್ ಸ್ಕ್ವೇರ್, ಸ್ಪೋರ್ಟ್ಸ್ ಅಥಾರಿಟಿ, ಆಫೀಸ್‌ಮ್ಯಾಕ್ಸ್, ಬಾರ್ಡರ್ಸ್ ಇವನ್ನೆಲ್ಲ ಕೊಳ್ಳೋಕೆ. ತೊಂಬತ್ತರ ದಶಕ ಮುಗಿಯೋದ್ರೊಳಗೆ ಅವನ್ನೆಲ್ಲ ಮತ್ತೆ ಕೈಬಿಟ್ರು.

ಇನ್ನೊಂದು ರೋಗ ಭಾನುವಾರದ ಪೇಪರ್ ಜೊತೆ ಬರೋ ಬಣ್ಣದ ಜಾಹೀರಾತು ಹಾಳೆ. ಅದು ಗೋಡೌನ್‌ಗೆ ಏನು ಮಾಡುತ್ತೆ ನೋಡಿ. ಒಂದು ಡಿಟರ್ಜೆಂಟ್ ಮಾಮೂಲಿ ವಾರಕ್ಕೆ 40 ಡಬ್ಬ ಹೋಗುತ್ತೆ ಅಂತ ಇಟ್ಕೊಳ್ಳಿ. ಹಾಳೆಯಲ್ಲಿ ಬಂದ ವಾರ 300. ಜನ ಮನೆಯಲ್ಲಿ ದಾಸ್ತಾನು ಮಾಡ್ಕೊಂಡಿರ್ತಾರೆ, ಹಾಗಾಗಿ ಮುಂದಿನ ಎರಡು ವಾರ 10, 10. ಅಂದಾಜು 250ಕ್ಕೆ ಹಾಕಿದ್ರೆ ಗುರುವಾರಕ್ಕೆ ಶೆಲ್ಫ್ ಖಾಲಿ, ಗಿರಾಕಿ ಬೈಕೊಂಡು ವಾಲ್‌ಮಾರ್ಟ್‌ಗೆ. 400ಕ್ಕೆ ಹಾಕಿದ್ರೆ ಮಿಕ್ಕ 100 ಡಬ್ಬ ಹಿಂದಿನ ಕೋಣೆಯಲ್ಲಿ ಹೆಚ್ಚುಕಮ್ಮಿ ಒಂದು ತಿಂಗಳು ಜಾಗ ತಿನ್ನುತ್ತೆ. ಲಾರಿ, ಆಳು, ಮಾಲು ಇಳಿಸೋ ಡಾಕ್ ಎಲ್ಲವನ್ನೂ ಆ 300ರ ಶಿಖರಕ್ಕೆ ತಕ್ಕಂತೆ ಇಟ್ಕೋಬೇಕು, ಉಳಿದ ದಿನ ಅವು ಸುಮ್ಮನೆ ನಿಂತಿರ್ತವೆ. ಮಾಮೂಲಿ ಬೆಲೆಯನ್ನೇ ಕಡಿಮೆ ಇಟ್ಟ ಅಂಗಡಿಯಲ್ಲಿ ವಾರವಾರವೂ ಹೆಚ್ಚುಕಮ್ಮಿ 50 ಹೋಗುತ್ತೆ, ಕಥೆ ಮುಗೀತು.

2001ರಲ್ಲಿ ಹೊಸ ಮುಖ್ಯಸ್ಥ ಚಾರ್ಲ್ಸ್ ಕಾನವೇ ಈ ಹಾಳೆ ಕಡಿಮೆ ಮಾಡಿ, ಸಾವಿರಾರು ಐಟಮ್‌ಗಳ ಬೆಲೆ ಇಳಿಸಿ ವಾಲ್‌ಮಾರ್ಟ್ ಜೊತೆ ನೇರ ಕುಸ್ತಿಗೆ ಇಳಿದ್ರು. ಖರ್ಚು ಕಡಿಮೆ ಇರೋದು ವಾಲ್‌ಮಾರ್ಟ್‌ಗೆ, ಬೆಲೆ ಇಳಿಸೋದು ಕೆಮಾರ್ಟ್! ಹಾಳೆ ನೋಡಿ ಬರ್ತಿದ್ದ ಗಿರಾಕಿ ನಿಂತ್ರು, ಹೊಸಬರು ಬರ್ಲಿಲ್ಲ. ಕ್ರಿಸ್‌ಮಸ್ ಕೈಕೊಟ್ಟಿತು. ದಿನಸಿ ಪೂರೈಸ್ತಿದ್ದ ಫ್ಲೆಮಿಂಗ್ ಕಂಪನಿಗೆ ವಾರದ ಬಾಕಿ ಕಟ್ಟಲಿಲ್ಲ, ಫ್ಲೆಮಿಂಗ್ ಲಾರಿ ನಿಲ್ಲಿಸಿತು, ಮಾರನೇ ದಿನವೋ ಏನೋ ಕೆಮಾರ್ಟ್ ಕೋರ್ಟ್‌ನಲ್ಲಿತ್ತು. 2003ರ ಏಪ್ರಿಲ್ 1ಕ್ಕೆ ಫ್ಲೆಮಿಂಗ್ ಕೂಡ ದಿವಾಳಿ ಅರ್ಜಿ ಹಾಕಿತು.

ಬಾಕಿವಸೂಲಿ
ಲೋಡಿಂಗ್_ಡಾಕ್ ಕೊನೇ ಸಾಲಲ್ಲಿ ಹೇಳಿದ್ದೇ ಅಸಲಿ ವಿಷಯ. ಅಂಗಡಿ ವರ್ಷಾನುಗಟ್ಟಲೆ ನಷ್ಟದಲ್ಲಿ ಕುಂಟುತ್ತಾ ಬದುಕಿರುತ್ತೆ, ಸಾಯೋದು ಮಾಲು ಕೊಡೋರು ಉದ್ದರಿ ನಿಲ್ಲಿಸಿದ ದಿನ. ಲೆಕ್ಕ ಇಲ್ಲಿದೆ, ಅಂಕಿ ಸುಲಭಕ್ಕೆ ಅಂತ ನಾನೇ ಇಟ್ಟಿದ್ದು.

ಒಂದು ಚೈನ್ ತಿಂಗಳಿಗೆ 100 ಕೋಟಿ ಡಾಲರ್ ಅಸಲಿನ ಸಾಮಾನು ಮಾರುತ್ತೆ. ದಾಸ್ತಾನು ಸರಾಸರಿ 90 ದಿನದ್ದು, ಅಂದ್ರೆ 300 ಕೋಟಿ. ಮಾಲು ಕೊಡೋರ ಗಡುವು 60 ದಿನ, ಅಂದ್ರೆ ಅವರ ದುಡ್ಡು 200 ಕೋಟಿ ಸದಾ ಅಂಗಡಿಯೊಳಗೆ. ಬ್ಯಾಂಕಿಂದ ತರಬೇಕಾದ್ದು ಬರೀ 100 ಕೋಟಿ. ಈಗ ಮಾಲು ಕೊಡೋರು ಹೆದರಿ ಗಡುವನ್ನು 30 ದಿನಕ್ಕೆ ಇಳಿಸಿದ್ರು. ಮಾರಾಟ ಒಂದು ಡಾಲರ್ ಕೂಡ ಕಡಿಮೆ ಆಗಿಲ್ಲ, ಆದ್ರೂ ತಕ್ಷಣ ಇನ್ನೂ 100 ಕೋಟಿ ನಗದು ಬೇಕು. "ಮೊದಲು ದುಡ್ಡು, ಆಮೇಲೆ ಲಾರಿ" ಅಂದ್ರೆ ಮತ್ತೆ 100 ಕೋಟಿ. ಬ್ಯಾಂಕ್ ಕೊಡೋದು ದಾಸ್ತಾನಿನ ಮೇಲೆ, ಅದೂ ಅಂಗಡಿ ಮುಚ್ಚಿ ಮಾರಿದ್ರೆ ಎಷ್ಟು ಬರುತ್ತೆ ಅನ್ನೋ ಬೆಲೆಕಟ್ಟಿನ ಶೇ. 85-90. ದುಡ್ಡಿಲ್ಲ ಅಂತ ಕಡಿಮೆ ಮಾಲು ತರಿಸಿದ್ರೆ ದಾಸ್ತಾನು ಇಳಿಯುತ್ತೆ, ಜೊತೆಗೆ ಸಾಲದ ಮಿತಿಯೂ ಇಳಿಯುತ್ತೆ. ಶೆಲ್ಫ್ ಬೋಳು, ಗಿರಾಕಿ ಇನ್ನೂ ಕಡಿಮೆ. ಈ ಸುಳಿಗೆ ಬಿದ್ದ ಚೈನ್ ಹೊರಗೆ ಬರೋದು ಕಷ್ಟ.

ಹೆದರೋದು ಯಾರು ಅನ್ನೋದಕ್ಕೂ ಒಂದು ಕ್ರಮ ಇದೆ. ಸಣ್ಣ ಬಟ್ಟೆ ಕಂಪನಿ ತನ್ನ ಬಿಲ್ಲನ್ನು ಫ್ಯಾಕ್ಟರ್‌ಗೆ (ಬಿಲ್ಲು ಕೊಳ್ಳೋ ಹಣಕಾಸು ಕಂಪನಿಗೆ) ಮಾರಿ ಮೊದಲೇ ದುಡ್ಡು ತಗೊಂಡಿರುತ್ತೆ. ಫ್ಯಾಕ್ಟರ್ ಸಾಲ ವಿಮೆ ಕಂಪನಿಗಳತ್ತ ನೋಡ್ತಾನೆ. ವಿಮೆಯವರು ರಕ್ಷಣೆ ಇಳಿಸಿದ ದಿನ ಫ್ಯಾಕ್ಟರ್ ಆ ಅಂಗಡಿಯ ಆರ್ಡರ್ ಒಪ್ಪಲ್ಲ. ಬಟ್ಟೆ ಕಂಪನಿಗೆ ಅಂಗಡಿ ಮೇಲೆ ಎಷ್ಟೇ ಪ್ರೀತಿ ಇದ್ರೂ ಸಾಮಾನು ಕಳಿಸೋಕಾಗಲ್ಲ. ಮೊದಲು ಕಾಣೋದು ಹೆಂಗಸರ ಬಟ್ಟೆ, ಆಟಿಕೆ ವಿಭಾಗದಲ್ಲಿ. ಟಿವಿ, ಫ್ರಿಜ್ ಕೊನೆಗೆ.

ಸಿಯರ್ಸ್‌ನಲ್ಲಿ ಇದರ ತಾರೀಖುಗಳು ಸಾಲಾಗಿ ಸಿಗುತ್ತವೆ. 2017ರ ಮಾರ್ಚ್: ವಾರ್ಷಿಕ ವರದಿಯಲ್ಲಿ ಕಂಪನಿ ಮುಂದುವರಿಯೋ ಬಗ್ಗೆ ಗಣನೀಯ ಅನುಮಾನ ಇದೆ ಅಂತ ತಾನೇ ಬರೆದುಕೊಂಡಿತು. ಅದೇ ವರ್ಷ ಅಕ್ಟೋಬರ್: ನೂರು ವರ್ಷದ ನಂಟಿದ್ದ ವರ್ಲ್‌ಪೂಲ್ ಜೊತೆ ಒಪ್ಪಂದ ಕುದುರದೆ ಅದರ ಬ್ರ್ಯಾಂಡ್‌ಗಳ ಮಾರಾಟ ನಿಂತ ಸುದ್ದಿ ಹೊರಬಿತ್ತು. 2018ರ ಅಕ್ಟೋಬರ್ 15: ದಿವಾಳಿ ಅರ್ಜಿ. ಅವತ್ತು ತೀರಿಸಬೇಕಿದ್ದ ಕಂತು 13.4 ಕೋಟಿ ಡಾಲರ್. 2006ರಲ್ಲಿ 5,300 ಕೋಟಿ ಡಾಲರ್ ವಹಿವಾಟು ಮಾಡಿದ ಕಂಪನಿ ಅದು.

ದಾವಣಗೆರೆ_ಬೆಣ್ಣೆ
ಅಂದ್ರೆ ಸಿಯರ್ಸ್ ಅಧ್ಯಕ್ಷರಾಗಿದ್ದ ಎಡ್ಡಿ ಲ್ಯಾಂಪರ್ಟ್‌ದು ಏನೂ ತಪ್ಪಿಲ್ಲ, ಎಲ್ಲ ಉದ್ದರಿ ಮಹಿಮೆ ಅಂತೀರಾ? 😄

ತೂಕದಕಲ್ಲು
ತಪ್ಪು ಇದೆ, ಆದ್ರೆ ಜನ ಹೇಳೋ ಕ್ರಮದಲ್ಲಿ ಇಲ್ಲ.

2002ರ ದಿವಾಳಿಯಿಂದ ಕೆಮಾರ್ಟನ್ನು ಎತ್ತಿದ್ದು ಅವರ ಫಂಡ್ ಇಎಸ್ಎಲ್. ಅಂಗಡಿ ಜಾಗಗಳನ್ನು ಹೋಮ್ ಡಿಪೋಗೆ, ಸಿಯರ್ಸ್‌ಗೇ ಮಾರಿ ಕೋಟಿಗಟ್ಟಲೆ ಡಾಲರ್ ಬಂತು, ಷೇರು ಏರಿತು. ಆ ಬಲದ ಮೇಲೆ 2004ರ ನವೆಂಬರ್‌ನಲ್ಲಿ ಸುಮಾರು 1,100 ಕೋಟಿ ಡಾಲರ್‌ಗೆ ಸಿಯರ್ಸ್ ವಿಲೀನದ ಘೋಷಣೆ, 2005ರ ಮಾರ್ಚ್‌ಗೆ ಮುಗೀತು. ಎರಡೂ ಸೇರಿ ಸುಮಾರು 3,500 ಅಂಗಡಿ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 600 ಕೋಟಿ ಡಾಲರ್ ಕೊಟ್ಟು ತನ್ನದೇ ಷೇರು ವಾಪಸ್ ಕೊಂಡ್ರು. ನನ್ನ ದೃಷ್ಟಿಯಲ್ಲಿ ಕೆಲಸ ಕೆಟ್ಟಿದ್ದು ಇಲ್ಲೇ. ಸೋರುವ ಮಾಡು, ಹಳೇ ಟೈಲ್, ಅರ್ಧ ಆರಿದ ಟ್ಯೂಬ್‌ಲೈಟ್, ಹಳೇ ಬಿಲ್ಲಿಂಗ್ ಯಂತ್ರ ಇವಕ್ಕೆ ಹೋಗಬೇಕಿದ್ದ ದುಡ್ಡು ಅದು. ಕಂಪನಿ ಕೊನೇ ಸಲ ಲಾಭ ನೋಡಿದ್ದು 2010ರಲ್ಲಿ.

2008ರಲ್ಲಿ ಕಂಪನಿಯನ್ನು ಮೂವತ್ತಕ್ಕೂ ಹೆಚ್ಚು ಘಟಕಗಳಾಗಿ ಒಡೆದ್ರು, ಒಂದೊಂದಕ್ಕೂ ಬೇರೆ ಮುಖ್ಯಸ್ಥ, ಬೇರೆ ಲಾಭನಷ್ಟದ ಪಟ್ಟಿ. ಜಾಹೀರಾತು ಹಾಳೆಯಲ್ಲಿ ಯಾರಿಗೆಷ್ಟು ಜಾಗ ಅಂತ ಒಳಗೊಳಗೇ ಪೈಪೋಟಿ. ಡಿಪಾರ್ಟ್‌ಮೆಂಟ್ ಸ್ಟೋರ್ ಅನ್ನೋದು ನಿಂತಿರೋದೇ ಒಂದು ವಿಭಾಗ ನಷ್ಟ ಮಾಡ್ಕೊಂಡು ಗಿರಾಕಿಯನ್ನು ಒಳಗೆ ತರುತ್ತೆ, ಇನ್ನೊಂದು ಲಾಭ ಮಾಡುತ್ತೆ ಅನ್ನೋದರ ಮೇಲೆ. ಅದನ್ನು ಘಟಕಗಳಾಗಿ ಒಡೆದ್ರೆ ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದ ಹಾಗೆ, ಸೌದೆ ಎರಡರಷ್ಟು.

ಆಮೇಲಿಂದೆಲ್ಲ ಮಾರಾಟ. 2014ರಲ್ಲಿ ಲ್ಯಾಂಡ್ಸ್ ಎಂಡ್ ಬೇರ್ಪಟ್ಟಿತು. 2015ರ ಜುಲೈನಲ್ಲಿ ಸೆರಿಟೇಜ್ ಅನ್ನೋ ಆಸ್ತಿ ಟ್ರಸ್ಟ್‌ಗೆ 235 ಕಟ್ಟಡ ಮತ್ತು ಕೆಲವು ಜಂಟಿ ಪಾಲುಗಳು 270 ಕೋಟಿ ಡಾಲರ್‌ಗೆ. 2017ರಲ್ಲಿ ಕ್ರಾಫ್ಟ್ಸ್‌ಮನ್ ಬ್ರ್ಯಾಂಡ್ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್‌ಗೆ. ಸೆರಿಟೇಜ್ ಒಪ್ಪಂದದಲ್ಲಿ ಒಂದು ಮುಳ್ಳು ಗಮನಿಸಿ: ಸಿಯರ್ಸ್ ಬಾಡಿಗೆಗೆ ಕೂತ ಬಹುತೇಕ ಅಂಗಡಿಗಳಲ್ಲಿ ಅರ್ಧದಷ್ಟು ಜಾಗವನ್ನು ವಾಪಸ್ ಪಡೆದು ಬೇರೆಯವರಿಗೆ ಕೊಡೋ ಹಕ್ಕು ಸೆರಿಟೇಜ್‌ಗೆ ಇತ್ತು.

ಬಾಕಿವಸೂಲಿ
ಅರ್ಧ ಒಪ್ತೀನಿ. ಆದ್ರೆ 2012ರ ನಂತರ ಆ ಮಾರಾಟಗಳು ಇಲ್ಲದಿದ್ರೆ ಸಿಯರ್ಸ್ 2014ರಲ್ಲೇ ಮುಗೀತಿತ್ತು. ವರ್ಷಕ್ಕೆ 100 ಕೋಟಿ ಡಾಲರ್ ಮೀರಿ ಸುಡೋ ಒಲೆಗೆ ಸೌದೆ ಎಲ್ಲಿಂದ ಬರಬೇಕು? ಕಟ್ಟಡ ಮಾರಿದ್ದು ಕಾಯಿಲೆಯ ಲಕ್ಷಣ.

ತೂಕದಕಲ್ಲು
ಸಾಲ ಕೊಟ್ಟವರು, ಕಟ್ಟಡದ ಒಡೆತನದಲ್ಲಿ ದೊಡ್ಡ ಪಾಲು ಇದ್ದವರು, ಸಿಯರ್ಸ್ ಅಧ್ಯಕ್ಷರು, ಮೂರೂ ಒಬ್ಬರೇ ಆದಾಗ "ಉಳಿಸೋಕೆ ಮಾರಿದ್ರು" ಅನ್ನೋ ಮಾತು ಅಷ್ಟು ಸಲೀಸಾಗಿ ಗಂಟಲಿಗೆ ಇಳಿಯಲ್ಲ. ಅವರ ಫಂಡ್ ಕೊಟ್ಟ ಸಾಲಗಳಿಗೆ ಬಹುತೇಕ ಅಡಮಾನ ಇತ್ತು, ಮಾಲು ಕೊಟ್ಟವರಿಗೆ ಇರಲಿಲ್ಲ. ದಿವಾಳಿ ಸಮಿತಿ ಹಾಕಿದ ದಾವೆ 2022ರಲ್ಲಿ 17.5 ಕೋಟಿ ಡಾಲರ್‌ಗೆ ರಾಜಿಯಾಯ್ತು. ಆರೋಪಗಳನ್ನು ಅವರು ಅಲ್ಲಗಳೆದಿದ್ರು, ಅದೂ ದಾಖಲೆಯಲ್ಲಿರಲಿ.

ಮಾಲ್_ನಕ್ಷೆ
ಕಟ್ಟಡದ ಕಡೆಯಿಂದ ಒಂದು ವಿಷಯ ಯಾರೂ ಹೇಳಿಲ್ಲ. ಮಾಲ್‌ನಲ್ಲಿ ಸಿಯರ್ಸ್, ಜೆಸಿ ಪೆನಿ, ಮೇಸಿಸ್ ಥರದವು ಕಟ್ಟೋ ಬಾಡಿಗೆ ಏನೇನೂ ಅಲ್ಲ. ಎಷ್ಟೋ ಕಡೆ ಆ ಡಬ್ಬಿಯಂಥ ಕಟ್ಟಡ ಅವರದ್ದೇ ಸ್ವಂತ. ಮಾಲ್ ಮಾಲೀಕರ ಆದಾಯ ಬರೋದು ನಡುವಿನ ಓಣಿಯ ಸಣ್ಣ ಅಂಗಡಿಗಳಿಂದ. ಆ ಸಣ್ಣ ಅಂಗಡಿಗಳ ಕರಾರಿನಲ್ಲಿ "ದೊಡ್ಡ ಅಂಗಡಿಗಳಲ್ಲಿ ಇಂತಿಷ್ಟು ತೆರೆದಿರಬೇಕು" ಅಂತ ಕೋ-ಟೆನೆನ್ಸಿ ಷರತ್ತು ಇರುತ್ತೆ. ಸಿಯರ್ಸ್ ಮುಚ್ಚಿದ್ರೆ ನೆಟ್ಟಗಿರೋ ಶೂ ಅಂಗಡಿಯೂ ನಿಗದಿ ಬಾಡಿಗೆ ಬಿಟ್ಟು ಮಾರಾಟದ ಶೇಕಡಾವಾರು ಮಾತ್ರ ಕೊಡಬಹುದು. ಒಂದು ವರ್ಷದೊಳಗೆ ಆ ಜಾಗಕ್ಕೆ ಯಾರೂ ಬರದಿದ್ರೆ ಕರಾರು ಮುರಿದು ಹೊರಡಬಹುದು. ಎರಡನೇ ದೊಡ್ಡ ಅಂಗಡಿಯೂ ಹೋದ್ರೆ ಆ ಮಾಲ್ ಮುಳುಗಿದಂತೆಯೇ.

ಹೊಸಬರನ್ನು ತರೋಣ ಅಂದ್ರೆ ಮತ್ತೊಂದು ತೊಡಕು. ಮಾಲ್ ಕಟ್ಟುವಾಗ ದೊಡ್ಡ ಅಂಗಡಿಗಳ ಜೊತೆ ಮಾಡಿದ ಪರಸ್ಪರ ಹಕ್ಕುಗಳ ಒಪ್ಪಂದದಲ್ಲಿ ಪಾರ್ಕಿಂಗ್ ಸಂಖ್ಯೆ, ಕಟ್ಟಡದ ಎತ್ತರ, ಎಲ್ಲಿ ಏನು ಕಟ್ಟಬಾರದು ಎಲ್ಲ ಬರೆದಿರುತ್ತೆ. ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳಬೇಕು ಅಂದ್ರೆ ಉಳಿದಿರೋ ಪ್ರತಿ ದೊಡ್ಡ ಅಂಗಡಿಯ ಸಹಿ ಬೇಕು. ಒಬ್ಬರು ತಡೆದ್ರೂ ಸಾಕು. ಜೊತೆಗೆ ಲಕ್ಷ ಚದರಡಿ ಮೀರಿದ, ಕಿಟಕಿಯೇ ಇಲ್ಲದ, ಎರಡಂತಸ್ತಿನ ಕಟ್ಟಡ. ಮಧ್ಯದಲ್ಲಿ ಬೆಳಕು ಬರಲ್ಲ, ಎಸ್ಕಲೇಟರ್ ಕೀಳಬೇಕು, ಒಂದೇ ವಿದ್ಯುತ್ ಮೀಟರನ್ನು ನಾಲ್ಕು ಬಾಡಿಗೆದಾರರಿಗೆ ಒಡೆಯಬೇಕು, ಪ್ರತಿಯೊಬ್ಬರಿಗೂ ಬೇರೆ ಲಾರಿ ಡಾಕ್ ಬೇಕು. ಸೆರಿಟೇಜ್ ಇದನ್ನೇ ಮಾಡೋಕೆ ಹೊರಟು ಕೊನೆಗೆ 2022ರಲ್ಲಿ ಎಲ್ಲ ಆಸ್ತಿ ಮಾರಿ ಮುಚ್ಚೋ ಯೋಜನೆಗೆ ಷೇರುದಾರರ ಒಪ್ಪಿಗೆ ಪಡೀತು. "ಅಂಗಡಿ ಹೋದ್ರೇನು, ಜಾಗವೇ ಚಿನ್ನ" ಅನ್ನೋ ಲೆಕ್ಕಾಚಾರ ಎಷ್ಟು ಸರಿ ಅಂತ ಅಲ್ಲೇ ಗೊತ್ತಾಯ್ತು.

ಚೌಕಾಸಿ
ಒಳ್ಳೇ ಮಾಹಿತಿ. ಒಂದು ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಕೆಮಾರ್ಟ್ ಚೆನ್ನಾಗೇ ನಡೀತಿದೆಯಲ್ಲ, ಅದು ಹೇಗೆ?

ಬಾರ್‌ಕೋಡ್
ಹೆಸರು ಮಾತ್ರ ಒಂದೇ. ಅದರ ಒಡೆಯರು ಪರ್ತ್‌ನ ವೆಸ್‌ಫಾರ್ಮರ್ಸ್, 2007ರಲ್ಲಿ ಕೋಲ್ಸ್ ಗುಂಪನ್ನು ಕೊಂಡಾಗ ಜೊತೆಗೆ ಬಂದಿದ್ದು. ಆಗ ಅದೂ ಸೊರಗಿತ್ತು. 2008ರಲ್ಲಿ ಗೈ ರುಸ್ಸೋ ಬಂದು ವಾರದ ಡಿಸ್ಕೌಂಟ್ ಮೇಳಗಳನ್ನೆಲ್ಲ ನಿಲ್ಲಿಸಿ ಒಂದೇ ಕಡಿಮೆ ಬೆಲೆ ಇಟ್ರು. ಐಟಮ್‌ಗಳ ಸಂಖ್ಯೆ ಭಾರೀ ಕಡಿತ, ಮಧ್ಯವರ್ತಿಗಳನ್ನು ಬಿಟ್ಟು ನೇರ ಕಾರ್ಖಾನೆಯಿಂದ ಖರೀದಿ. ಈಗ ಬಹುತೇಕ ಅವರದ್ದೇ ಆಂಕೊ ಬ್ರ್ಯಾಂಡ್. ಹತ್ತು ಥರದ ಟೋಸ್ಟರ್ ಬದಲು ಎರಡು ಥರ ಇಟ್ರೆ ಕಾರ್ಖಾನೆಗೆ ಒಂದೊಂದರ ಆರ್ಡರ್ ಐದು ಪಟ್ಟು ಹೋಗುತ್ತೆ, ಬೆಲೆ ಇಳಿಯೋದು ಅಲ್ಲಿಂದ. ಬಿಲ್ಲಿಂಗ್ ಕೌಂಟರನ್ನು ಬಾಗಿಲಿಂದ ಅಂಗಡಿಯ ನಟ್ಟನಡುವಿಗೆ ತಂದಿಟ್ಟಿದ್ದನ್ನು ಜನ ಇವತ್ತಿಗೂ ಬೈತಾರೆ, ಅದು ಬೇರೆ ಮಾತು.

ದೊಡ್ಡ ಡಬ್ಬಿ ಅಂಗಡಿಯ ಕಾಲವೇ ಮುಗೀತು ಅನ್ನೋರಿಗೆ ಇದು ಉತ್ತರ.

ಚೌಕಾಸಿ
ಜೆಸಿ ಪೆನಿಯಲ್ಲಿ ಆಗಿನ ಮುಖ್ಯಸ್ಥ ರಾನ್ ಜಾನ್ಸನ್ ಮಾಡಿದ್ದೂ ಅದೇ ಅಲ್ವಾ? ಕೂಪನ್ ತೆಗೆದು ಒಂದೇ ಬೆಲೆ. ಅಲ್ಲಿ ಯಾಕೆ ತಲೆಕೆಳಗಾಯ್ತು?

ತೂಕದಕಲ್ಲು
ಅಸಲು ಇಳಿಸದೆ ಚೀಟಿ ಮೇಲಿನ ಬೆಲೆ ಮಾತ್ರ ಬದಲಿಸಿದ್ದಕ್ಕೆ. 12 ಡಾಲರ್ ಅಸಲಿನ ಅಂಗಿಗೆ 50ರ ಚೀಟಿ ಹಚ್ಚಿ, ಶೇ. 40 ರಿಯಾಯಿತಿ ಕೊಟ್ಟು, ಅದರ ಮೇಲೆ ಶೇ. 20 ಕೂಪನ್ ಕೊಟ್ರೆ ಗಿರಾಕಿ ಕೊಡೋದು 24. ನೇರ 24ರ ಚೀಟಿ ಹಚ್ಚಿದ್ರೂ ಕಂಪನಿಗೆ ಬರೋದು ಅಷ್ಟೇ. ಆದ್ರೆ 50ರದ್ದನ್ನು 24ಕ್ಕೆ ಗೆದ್ದೆ ಅನ್ನೋ ಖುಷಿಗೇ ಬರ್ತಿದ್ದ ಗಿರಾಕಿಗೆ 24ರ ಅಂಗಿ ಬರೀ 24ರ ಅಂಗಿ. 2012ರ ಫೆಬ್ರವರಿಯಲ್ಲಿ ಎಲ್ಲ ಅಂಗಡಿಗಳಲ್ಲಿ ಒಟ್ಟಿಗೆ ಜಾರಿ ಮಾಡಿದ್ರು, ಒಂದೂರಲ್ಲೂ ಮೊದಲು ಪರೀಕ್ಷೆ ಮಾಡಲಿಲ್ಲ. ಹೊಸ ಗಿರಾಕಿಗಳಿಗೆ ಅಂತ ಯೋಜಿಸಿದ ಒಳ ಅಂಗಡಿಗಳು ಆಗಿನ್ನೂ ಕಟ್ಟಿ ಮುಗಿದಿರಲಿಲ್ಲ. ಹಳಬರನ್ನು ಕಳಿಸಿ, ಹೊಸಬರಿಗೆ ಬಾಗಿಲು ತೆಗೆಯೋದು ತಡ ಮಾಡಿದ ಹಾಗಾಯ್ತು. ಆ ವರ್ಷ ಮಾರಾಟ ಸುಮಾರು 1,730 ಕೋಟಿ ಡಾಲರ್‌ನಿಂದ 1,300 ಕೋಟಿಗೆ ಬಿತ್ತು. 2013ರ ಏಪ್ರಿಲ್‌ಗೆ ಜಾನ್ಸನ್ ಹೊರಗೆ, ಕೂಪನ್ ವಾಪಸ್.

ಬಾರ್‌ಕೋಡ್
ಸೋತವರ ಪಟ್ಟಿಗೆ ಟಾರ್ಗೆಟ್ ಕೆನಡಾ ಸೇರಿಸಿ, ಯಾಕಂದ್ರೆ ಅಲ್ಲಿ ಬ್ಯಾಂಕ್ ಸಾಲದ ಕಾಟವೂ ಇರಲಿಲ್ಲ, ಆನ್‌ಲೈನ್ ಪೈಪೋಟಿಯೂ ದೊಡ್ಡದಿರಲಿಲ್ಲ. ಝೆಲ್ಲರ್ಸ್ ಅನ್ನೋ ಹಳೇ ಡಿಸ್ಕೌಂಟ್ ಚೈನ್‌ನ ಬಾಡಿಗೆ ಕರಾರುಗಳನ್ನು 2011ರಲ್ಲಿ 182.5 ಕೋಟಿ ಕೆನಡಾ ಡಾಲರ್‌ಗೆ ಕೊಂಡ್ರು. 2013ರ ಮಾರ್ಚ್‌ನಲ್ಲಿ ಬಾಗಿಲು ತೆಗೆದು 2015ರ ಜನವರಿಯಲ್ಲಿ 133 ಅಂಗಡಿಗಳನ್ನೂ ಮುಚ್ತೀವಿ ಅಂದ್ರು.

ಕೊಂದಿದ್ದು ಐಟಮ್ ಮಾಸ್ಟರ್ ಡೇಟಾ. ದಾಸ್ತಾನು, ಆರ್ಡರ್ ನೋಡ್ಕೊಳ್ಳೋ ಎಸ್ಎಪಿ ಅನ್ನೋ ಹೊಸ ಸಾಫ್ಟ್‌ವೇರ್ ವ್ಯವಸ್ಥೆಗೆ ಹತ್ತಾರು ಸಾವಿರ ಉತ್ಪನ್ನಗಳ ವಿವರ ಅವಸರದಲ್ಲಿ ತುಂಬಿದ್ರು. ಸೆಂಟಿಮೀಟರ್ ಇರಬೇಕಾದ ಕಡೆ ಇಂಚು, ಅಗಲ ಇರಬೇಕಾದ ಕಡೆ ಉದ್ದ, ತಪ್ಪು ಕರೆನ್ಸಿ, ಒಂದು ಪೆಟ್ಟಿಗೆಯಲ್ಲಿ ಎಷ್ಟು ಪೀಸ್ ಅನ್ನೋದೂ ತಪ್ಪು. ಪೆಟ್ಟಿಗೆ ಲೆಕ್ಕ ತಪ್ಪಿದ್ರೆ ಆಗೋದಿಷ್ಟು: ಗೋಡೌನ್‌ಗೆ 12 ಪೀಸ್‌ನ ಪೆಟ್ಟಿಗೆ ಬರುತ್ತೆ, ಕಂಪ್ಯೂಟರ್ 1 ಅಂತ ಓದುತ್ತೆ, ಅಂಗಡಿಗೆ ಇನ್ನೂ 11 ಬೇಕು ಅಂತ ಮತ್ತೆ 11 ಪೆಟ್ಟಿಗೆ ತರಿಸುತ್ತೆ. ಅಳತೆ ತಪ್ಪಿದ್ರೆ ಶೆಲ್ಫ್ ನಕ್ಷೆ ಪ್ರಕಾರ ಹಿಡಿಸೋ ಸಾಮಾನು ಹಿಡಿಸಲ್ಲ. ಗೋಡೌನ್ ಉಕ್ಕಿ ಹರೀತಿತ್ತು, ಅಂಗಡಿ ಶೆಲ್ಫ್ ಬೋಳು. ಹೊಸ ಊರಿಗೆ ಕಾಲಿಡೋ ಚೈನ್‌ಗೆ ಇದಕ್ಕೆ ಒಂದೇ ಮದ್ದು: ಪ್ರತಿ ವಿಭಾಗದಿಂದ ನೂರು ಐಟಮ್ ಆರಿಸಿ, ಟೇಪು ಹಿಡಿದು ಅಳೆದು, ಪೆಟ್ಟಿಗೆ ಬಿಚ್ಚಿ ಎಣಿಸಿ ಕಂಪ್ಯೂಟರ್ ಜೊತೆ ತಾಳೆ ನೋಡೋದು. ನೂರರಲ್ಲಿ ಐದಕ್ಕಿಂತ ಹೆಚ್ಚು ತಪ್ಪು ಸಿಕ್ಕಿದ್ರೆ ಉದ್ಘಾಟನೆ ಮುಂದೂಡೋದು. ಮುಂದೂಡೋಕೆ ಯಾರೂ ಒಪ್ಪಲ್ಲ ಅನ್ನಿ, ಖಾಲಿ ಅಂಗಡಿಗೂ ಬಾಡಿಗೆ ಓಡ್ತಾ ಇರುತ್ತಲ್ಲ.

ದಾವಣಗೆರೆ_ಬೆಣ್ಣೆ
ನಮ್ಮ ಬಿಗ್ ಬಜಾರ್ ಇದರಲ್ಲಿ ಯಾವ ಗುಂಪಿಗೆ ಸೇರುತ್ತೆ?

ಬಾಕಿವಸೂಲಿ
ಬಾಡಿಗೆ ಗುಂಪಿಗೆ. 2020ರ ಆಗಸ್ಟ್‌ನಲ್ಲಿ ರಿಲಯನ್ಸ್ ಜೊತೆ 24,713 ಕೋಟಿ ರೂಪಾಯಿ ಒಪ್ಪಂದ, ಅಮೆಜಾನ್ ತಕರಾರು, ಕೋರ್ಟು ಕಚೇರಿ. ಅಷ್ಟರಲ್ಲಿ ಬಿಗ್ ಬಜಾರ್ ನಡೆಸ್ತಿದ್ದ ಫ್ಯೂಚರ್ ರೀಟೇಲ್‌ನ ಬಾಡಿಗೆ ಬಾಕಿ ಬೆಳೆದಿತ್ತು. ರಿಲಯನ್ಸ್ ಕಟ್ಟಡ ಮಾಲೀಕರ ಜೊತೆ ನೇರ ಕರಾರು ಮಾಡ್ಕೊಂಡು ಫ್ಯೂಚರ್‌ಗೆ ಮರುಬಾಡಿಗೆ ಕೊಟ್ಟಿತು. 2022ರ ಫೆಬ್ರವರಿಯಲ್ಲಿ ಬಾಡಿಗೆ ಬಂದಿಲ್ಲ ಅಂತ ನೂರಾರು ಅಂಗಡಿ ತನ್ನ ವಶಕ್ಕೆ ತಗೊಂಡಿತು. ನ್ಯಾಯದ ವ್ಯಾಜ್ಯ ಯಾವ ಕೋರ್ಟ್‌ನಲ್ಲೇ ಇರಲಿ, ಬಾಡಿಗೆ ಕರಾರು ಯಾರ ಹೆಸರಲ್ಲಿದೆಯೋ ಅಂಗಡಿ ಬೀಗ ಅವರ ಕೈಲಿ. ಅದೇ ವರ್ಷ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ.

ಡಿಮಾರ್ಟ್ ನೋಡಿ, ಬಹುತೇಕ ಕಟ್ಟಡ ಸ್ವಂತ ಇಲ್ಲವೇ ದೀರ್ಘಾವಧಿ ಗುತ್ತಿಗೆ. ಮಾಲು ಕೊಟ್ಟವರಿಗೆ ಬೇಗ ದುಡ್ಡು ಕೊಟ್ಟು ಅದಕ್ಕೆ ಬದಲಾಗಿ ಬೆಲೆ ಇಳಿಸ್ಕೋತಾರೆ. ಹಾಗಾಗಿ ಮೇಲಿನ ನನ್ನ ಲೆಕ್ಕದ ಸುಳಿ ಅಲ್ಲಿ ಶುರುವಾಗೋದೇ ಕಷ್ಟ, ಹಿಂತೆಗೆಯೋಕೆ ಹೆಚ್ಚು ಉದ್ದರಿಯೇ ಇಲ್ಲ. ಬೆಳವಣಿಗೆ ನಿಧಾನ, ಅಷ್ಟೇ.

ಕರಾವಳಿ_ಮೀನು
ಇಲ್ಲಿ ನ್ಯೂಜೆರ್ಸಿ, ಟೊರೊಂಟೊ ಕಡೆ ಇರೋರಿಗೆ ಉಪಯೋಗಕ್ಕೆ ಬರೋ ಪ್ರಶ್ನೆ: ಚೈನ್ ಮುಚ್ಚೋ ಸುದ್ದಿ ಬಂದ್ರೆ ಗಿಫ್ಟ್ ಕಾರ್ಡ್, ವಾರಂಟಿ ಏನಾಗುತ್ತೆ? ಆ "ಎಲ್ಲವೂ ಮಾರಾಟಕ್ಕೆ" ಸೇಲ್‌ನಲ್ಲಿ ನಿಜಕ್ಕೂ ಅಗ್ಗವಾ?

ಲೋಡಿಂಗ್_ಡಾಕ್
ಗಿಫ್ಟ್ ಕಾರ್ಡ್: ಸುದ್ದಿ ಬಂದ ದಿನವೇ ಖರ್ಚು ಮಾಡಿ. ಅರ್ಜಿ ಹಾಕಿದ ಮೇಲೆ ಅದು ಅಡಮಾನವಿಲ್ಲದ ಸಾಲ, ಕೋರ್ಟ್ ಅನುಮತಿ ಇದ್ದಷ್ಟು ದಿನ ಮಾತ್ರ ಅಂಗಡಿ ಸ್ವೀಕರಿಸುತ್ತೆ. ಕೆನಡಾದ ಹಡ್ಸನ್ಸ್ ಬೇ 2025ರ ಮಾರ್ಚ್‌ನಲ್ಲಿ ಅರ್ಜಿ ಹಾಕಿ ಏಪ್ರಿಲ್ 6ಕ್ಕೆ ಗಿಫ್ಟ್ ಕಾರ್ಡ್ ನಿಲ್ಲಿಸಿತು. 1670ರ ಕಂಪನಿಯಾದ್ರೂ ಸಿಕ್ಕ ಗಡುವು ಹೆಚ್ಚುಕಮ್ಮಿ ಒಂದು ತಿಂಗಳು ಅಷ್ಟೇ.

ವಾರಂಟಿ: ತಯಾರಕರದ್ದು ಹಾಗೇ ಇರುತ್ತೆ. ಅಂಗಡಿ ಮಾರಿದ ಹೆಚ್ಚುವರಿ ರಕ್ಷಣಾ ಯೋಜನೆ ಆದ್ರೆ ಕಾಗದದ ಕೆಳಗೆ ಸಣ್ಣಕ್ಷರದಲ್ಲಿ ಹೊಣೆ ಯಾರದ್ದು ಅಂತ ನೋಡಿ. ಬೇರೆ ವಿಮಾ ಕಂಪನಿ ಹೆಸರಿದ್ರೆ ಬಚಾವ್, ಅಂಗಡಿಯದ್ದೇ ಹೆಸರಿದ್ರೆ ಗಿಫ್ಟ್ ಕಾರ್ಡ್ ಗತಿಯೇ.

ಸೇಲ್: ನಡೆಸೋದು ಅಂಗಡಿಯವರಲ್ಲ, ಹಿಲ್ಕೊ, ಗಾರ್ಡನ್ ಬ್ರದರ್ಸ್ ಥರದ ಖಾಲಿ ಮಾಡಿಸೋ ಕಂಪನಿಗಳು. ಸಾಮಾನ್ಯವಾಗಿ 8ರಿಂದ 12 ವಾರ. ಮೊದಲ ದಿನ ಕೂಪನ್, ವಾರದ ರಿಯಾಯಿತಿ ಎಲ್ಲ ರದ್ದು, ಬೆಲೆ ಚೀಟಿಯ ಮೂಲ ಬೆಲೆಗೆ ಏರುತ್ತೆ, ಅದರ ಮೇಲೆ ಶೇ. 10-30. ಎಷ್ಟೋ ಸಾಮಾನು ಹಿಂದಿನ ವಾರಕ್ಕಿಂತ ದುಬಾರಿ. ಶೇ. 50 ದಾಟಿದ ಮೇಲೆ ನಿಜವಾದ ಅಗ್ಗ, ಆದ್ರೆ ಆ ಹೊತ್ತಿಗೆ ಒಳ್ಳೆ ಸೈಜು ಇರಲ್ಲ. ಅನೇಕ ಸಲ ಖಾಲಿ ಮಾಡೋರೇ ಹೊರಗಿಂದ ಮಾಲು ತಂದು ಸೇರಿಸ್ತಾರೆ. ಆ ಅಂಗಡಿ ಯಾವತ್ತೂ ಮಾರದ ಬ್ರ್ಯಾಂಡಿನ ರಗ್ಗು, ಸೂಟ್‌ಕೇಸು ರಾಶಿ ಕಂಡ್ರೆ ಅದೇ. ವಾಪಸ್ ಇಲ್ಲ, ಹಾಗಾಗಿ ಎಲೆಕ್ಟ್ರಾನಿಕ್ಸ್ ಆದ್ರೆ ಅಲ್ಲೇ ಪ್ಲಗ್ ಹಾಕಿ ನೋಡಿ. ಕೊನೇ ಎರಡು ವಾರದಲ್ಲಿ ಕಬ್ಬಿಣದ ಶೆಲ್ಫ್, ಟ್ರಾಲಿ, ಮೇಜು ಮಾರ್ತಾರೆ. ಸಣ್ಣ ಅಂಗಡಿ ಇಡೋರಿಗೆ ಅದೊಂದೇ ನಿಜವಾದ ಲಾಭ. ಬಿಚ್ಚೋದು, ಸಾಗಿಸೋದು ನಿಮ್ಮ ಪಾಡು, ಪಾನಾ ನೀವೇ ಒಯ್ಯಿರಿ.

ಮಾಲ್_ನಕ್ಷೆ
ಈಗೀಗ ಅರ್ಜಿ ಹಾಕಿದ ಚೈನ್‌ಗಳು ಚೇತರಿಸ್ಕೊಳ್ಳದೆ ನೇರ ಖಾಲಿ ಸೇಲ್‌ಗೆ ಹೋಗೋಕೆ ಒಂದು ಕಾನೂನು ಕಾರಣವೂ ಇದೆ. ಅಮೆರಿಕದ ದಿವಾಳಿ ಕಾನೂನಿಗೆ 2005ರಲ್ಲಿ ಬಂದ ತಿದ್ದುಪಡಿಗೆ ಮೊದಲು ಯಾವ ಅಂಗಡಿ ಇಟ್ಕೋಬೇಕು, ಯಾವುದು ಬಿಡಬೇಕು ಅಂತ ತೀರ್ಮಾನಿಸೋಕೆ ಜಡ್ಜ್ ಮತ್ತೆ ಮತ್ತೆ ಸಮಯ ಕೊಡಬಹುದಿತ್ತು. ಆಮೇಲೆ 120 ದಿನ, ಹೆಚ್ಚೆಂದರೆ ಇನ್ನೂ 90. ಖಾಲಿ ಸೇಲ್‌ಗೇ ಮೂರು ತಿಂಗಳು ಬೇಕು, ಅದನ್ನು ಕರಾರು ಕೈಲಿರುವಾಗಲೇ ಮುಗಿಸಬೇಕು ಅಂತ ಸಾಲ ಕೊಟ್ಟ ಬ್ಯಾಂಕ್ ಒತ್ತಾಯಿಸುತ್ತೆ. 210ರಲ್ಲಿ ಅದನ್ನು ಕಳೆದ್ರೆ ಚೇತರಿಕೆಗೆ ಉಳಿಯೋದು ನಾಲ್ಕು ತಿಂಗಳು. ಒಂದು ಕ್ರಿಸ್‌ಮಸ್ ಕೂಡ ಅದರೊಳಗೆ ಬೀಳದೇ ಹೋಗಬಹುದು. 2002ರ ಕೆಮಾರ್ಟ್‌ಗೆ ಹದಿನೈದು ತಿಂಗಳು ಸಿಕ್ಕಿತ್ತು.

ಕರಾವಳಿ_ಮೀನು
ಮೇಸಿಸ್ 150 ಅಂಗಡಿ ಮುಚ್ತೀವಿ ಅಂತ 2024ರಲ್ಲೇ ಹೇಳಿದೆ. ಅದೂ ಇದೇ ದಾರಿನಾ?

ಬಾಕಿವಸೂಲಿ
ಅಂಗಡಿ ಮುಚ್ಚೋ ಸುದ್ದಿಯೊಂದೇ ನೋಡಿ ಹೇಳೋಕಾಗಲ್ಲ. ನಷ್ಟದ ಅಂಗಡಿ ಮುಚ್ಚೋದು ಆರೋಗ್ಯದ ಗುರುತೂ ಆಗಿರಬಹುದು. ಯಾವ ಚೈನ್ ಆದ್ರೂ ತ್ರೈಮಾಸಿಕ ವರದಿಯ ಬ್ಯಾಲೆನ್ಸ್ ಶೀಟ್ ತೆಗೆದು ಎರಡು ಸಾಲು ನೋಡಿ: ದಾಸ್ತಾನು ಮತ್ತು ಮಾಲು ಕೊಟ್ಟವರ ಬಾಕಿ. ಮೇಸಿಸ್ ಮಾಲಿನ ಬಾಕಿಯನ್ನು ಬೇರೆ ಸಾಲಲ್ಲೇ ತೋರಿಸುತ್ತೆ, ಕೆಲಸ ಸುಲಭ. ಕೆಲವರು ಸಂಬಳ, ತೆರಿಗೆ ಎಲ್ಲ ಸೇರಿಸಿ ಒಂದೇ ಸಾಲಲ್ಲಿ ಹಾಕ್ತಾರೆ, ಆಗ ಟಿಪ್ಪಣಿ ಓದಿ ಬೇರ್ಪಡಿಸಬೇಕು. ಬಾಕಿಯನ್ನು ದಾಸ್ತಾನಿನಿಂದ ಭಾಗಿಸಿ. ಮೇಲಿನ ನನ್ನ ಉದಾಹರಣೆಯಲ್ಲಿ ಅದು 200 ಭಾಗಿಸು 300, ಶೇ. 67. ಗಡುವು 30 ದಿನಕ್ಕೆ ಇಳಿದಾಗ ಶೇ. 33. ಹೋಲಿಸೋದು ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆಗೆ ಮಾತ್ರ. ಅಕ್ಟೋಬರ್ ಕೊನೆಗೆ ಕ್ರಿಸ್‌ಮಸ್ ಮಾಲು ಬಂದಿರುತ್ತೆ, ಜನವರಿ ಕೊನೆಗೆ ಖಾಲಿಯಾಗಿರುತ್ತೆ, ಅವೆರಡನ್ನು ಹೋಲಿಸಿದ್ರೆ ಸುಮ್ಮನೆ ಗಾಬರಿಯಾಗ್ತೀರಿ. ಮಾರಾಟ ಶೇ. 3 ಇಳಿದು ಈ ಅನುಪಾತ ಹತ್ತು ಅಂಶ ಇಳಿದಿದ್ರೆ ಮಾಲು ಕೊಡೋರು ಹಿಂದೆ ಸರೀತಿದಾರೆ ಅಂತ ಅರ್ಥ. ಬ್ಯಾಂಕ್ ಸಾಲದ ಮಿತಿಯಲ್ಲಿ ಎಷ್ಟು ಉಳಿದಿದೆ ಅನ್ನೋದು ಅದೇ ವರದಿಯಲ್ಲಿ ದ್ರವ್ಯತೆ ವಿಭಾಗದಲ್ಲಿರುತ್ತೆ, ಅದನ್ನೂ ಜೊತೆಗೆ ಓದಿ. ಈ ಕಂಪನಿಗಳ ಆರ್ಥಿಕ ವರ್ಷ ಜನವರಿ ಕೊನೆಗೆ ಮುಗಿಯುತ್ತೆ, ಹಾಗಾಗಿ ಪೂರ್ತಿ ಲೆಕ್ಕ ಸಿಗೋದು ಮಾರ್ಚ್‌ನಲ್ಲಿ.